ಯಾರೂ ವೋಟು ಹಾಕದ ಹುಡುಗ, ಎಲ್ಲರಿಗಿಂತ ಮೊದಲು ಓಡಿದ ಕ್ಯಾಪ್ಟನ್

2021ರ ಜೂನ್ 12, ಶನಿವಾರ. ಹಾಸನ ಜಿಲ್ಲೆಯಲ್ಲಿ ಲಾಕ್‌ಡೌನ್ ಇನ್ನೂ ಮುಗಿದಿರಲಿಲ್ಲ. ವರ್ಕ್ ಫ್ರಂ ಹೋಮ್ ಅಂತ ಬೆಂಗಳೂರು ಬಿಟ್ಟು ಊರು ಸೇರಿದ್ದ ನಮ್ಮಂಥವರೆಲ್ಲ ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗೋ ಜಾಗ ಹುಡುಕ್ಕೊಂಡು ಕೂರ್ತಿದ್ದ ಕಾಲ. ನಮ್ಮನೇಲಿ ಆ ಜಾಗ ಹಿತ್ತಲ ಕಡೆಯ ಕಿಟಕಿ. ಹೊರಗೆ ಮಳೆ, ಕರೆಂಟ್ ಹೋಗಿ ಒಂದು ಗಂಟೆ ಆಗಿತ್ತು. ಫೋನ್ ಬ್ಯಾಟರಿ ಮೇಲೆ ಒಂದು ಕಣ್ಣು, ರಾತ್ರಿ ಒಂಬತ್ತೂವರೆಗೆ ಶುರುವಾಗಿದ್ದ ಯೂರೋ ಕಪ್ಪಿನ ಡೆನ್ಮಾರ್ಕ್–ಫಿನ್ಲೆಂಡ್ ಪಂದ್ಯದ ಮೇಲೆ ಇನ್ನೊಂದು ಕಣ್ಣು.

ಮೊದಲಾರ್ಧ ಮುಗಿಯೋಕೆ ಎರಡ್ಮೂರು ನಿಮಿಷ ಇತ್ತು. ಡೆನ್ಮಾರ್ಕಿಗೆ ಒಂದು ಥ್ರೋ-ಇನ್. ಚೆಂಡು ಕ್ರಿಶ್ಚಿಯನ್ ಎರಿಕ್ಸನ್ ಕಡೆ ಬಂತು. ಅವನನ್ನು ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ಎರಡು ಹೆಜ್ಜೆ ತಡವರಿಸಿ ಮುಖ ಕೆಳಗೆ ಮಾಡಿ ಬಿದ್ದ. ಕೈ ಊರಲಿಲ್ಲ. ನಿದ್ದೆಯಲ್ಲಿರುವವರು ಬಿದ್ದ ಹಾಗೆ ಬಿದ್ದ.

ಪಕ್ಕದಲ್ಲಿ ಕೂತಿದ್ದ ಅಪ್ಪ ಕೇಳಿದರು, "ಯಾಕಲಾ, ನೆಟ್ ಹೋಯ್ತಾ?"

ನೆಟ್ ಹೋಗಿರಲಿಲ್ಲ. ಮೈದಾನದಲ್ಲೇ ಎಲ್ಲರೂ ನಿಂತುಬಿಟ್ಟಿದ್ದರು. ನಿಲ್ಲದೆ ಓಡುತ್ತಿದ್ದವರಲ್ಲಿ ಒಬ್ಬ ಡೆನ್ಮಾರ್ಕಿನ ಕ್ಯಾಪ್ಟನ್, ಸೆಂಟರ್ ಬ್ಯಾಕ್ ಸಿಮೊನ್ ಕೇರ್. (ಬರೆಯೋದು ಬೇರೆ ಥರ, ಕಾಮೆಂಟರಿಯವರು 'ಕಿಯರ್' ಅಂತಾರೆ. ಡ್ಯಾನಿಶ್‌ನಲ್ಲಿ ಹೆಚ್ಚುಕಡಿಮೆ 'ಕೇರ್' ಅಂತಲೇ ಹೇಳೋದು. ಆವತ್ತಿನ ಮಟ್ಟಿಗಂತೂ ಅದೇ ಸರಿ.)

ಆಮೇಲೆ ವಾಟ್ಸಾಪ್‌ನಲ್ಲಿ ಓಡಾಡಿದ ಕತೆಗಳಲ್ಲಿ ಕೇರ್ ಒಬ್ಬನೇ ಸಿಪಿಆರ್ ಮಾಡಿ ಗೆಳೆಯನ ಪ್ರಾಣ ಉಳಿಸಿದ ಅಂತಿತ್ತು. ಅದು ಹಾಗಲ್ಲ. ಎದೆ ಒತ್ತಿದ್ದು, ಯಂತ್ರದಿಂದ ಶಾಕ್ ಕೊಟ್ಟಿದ್ದು ವೈದ್ಯರ ತಂಡ. ತಂಡದ ಡಾಕ್ಟರ್ ಮಾರ್ಟನ್ ಬೋಸೆನ್ ಮರುದಿನ ಹೇಳಿದ ಪ್ರಕಾರ, ಅವರು ಹತ್ತಿರ ಹೋದಾಗ ಎರಿಕ್ಸನ್‌ಗೆ ಉಸಿರು, ನಾಡಿ ಇತ್ತು. ನೋಡ್ತಾ ನೋಡ್ತಾ ನಿಂತುಹೋಯಿತು. ಹೃದಯ ನಿಂತೇ ಹೋಗಿತ್ತು, ಒಂದು ಶಾಕ್‌ಗೆ ವಾಪಸ್ ಬಂತು.

ಹಾಗಾದ್ರೆ ಕೇರ್ ಮಾಡಿದ್ದೇನು? ಡಾಕ್ಟರ್ ಮೈದಾನಕ್ಕೆ ಬರೋದಕ್ಕೆ ಮುಂಚಿನ ಕೆಲವೇ ಕ್ಷಣಗಳನ್ನು ಹಾಳಾಗಲು ಬಿಡಲಿಲ್ಲ. ಎರಿಕ್ಸನ್‌ನನ್ನು ಮಗ್ಗುಲಿಗೆ ತಿರುಗಿಸಿ, ಉಸಿರಿನ ದಾರಿ ಕಟ್ಟಿಕೊಳ್ಳದ ಹಾಗೆ ನೋಡಿಕೊಂಡ. ವೈದ್ಯರು ಕೆಲಸ ಶುರು ಮಾಡಿದ ಮೇಲೆ ಆಟಗಾರರನ್ನೆಲ್ಲ ಸುತ್ತ ಗೋಡೆಯ ಹಾಗೆ ನಿಲ್ಲಿಸಿದ, ಕ್ಯಾಮೆರಾಗಳಿಗೆ ಬೆನ್ನು ಹಾಕಿ. ಅಷ್ಟರಲ್ಲಿ ಎರಿಕ್ಸನ್ ಸಂಗಾತಿ ಸಬ್ರಿನಾ ಗ್ಯಾಲರಿಯಿಂದ ಇಳಿದು ಮೈದಾನಕ್ಕೆ ಬಂದಿದ್ದಳು. ಕೇರ್ ಮತ್ತು ಗೋಲ್‌ಕೀಪರ್ ಕ್ಯಾಸ್ಪರ್ ಷ್ಮೈಕೆಲ್ ಅವಳ ಹತ್ತಿರ ಹೋಗಿ ಹಿಡಿದುಕೊಂಡು ನಿಂತರು. ಮೂರು ಕೆಲಸ. ಮೂರರಲ್ಲಿ ಒಂದಕ್ಕೂ ಚೆಂಡು ಬೇಕಿರಲಿಲ್ಲ.

ನನ್ನ ಪ್ರಕಾರ, ಇದು ಆ ಕ್ಷಣದಲ್ಲಿ ಇದ್ದಕ್ಕಿದ್ದಂತೆ ಬಂದ ಬುದ್ಧಿ ಅಲ್ಲ. ಅವನ ಹದಿನೇಳು–ಹದಿನೆಂಟು ವರ್ಷದ ಕೆರಿಯರ್ ಪೂರ್ತಿ ಇದೇ ಕೆಲಸ.

ಕೇರ್ ಹುಟ್ಟಿದ್ದು 1989ರ ಮಾರ್ಚ್ 26ರಂದು, ಡೆನ್ಮಾರ್ಕಿನ ಹಾರ್ಸೆನ್ಸ್ ಅನ್ನೋ ಊರಲ್ಲಿ. ಬೆಳೆದಿದ್ದು ಅದರ ಪಕ್ಕದ ಲುಂಡ್ ಅನ್ನೋ ಹಳ್ಳಿಯಲ್ಲಿ. 2004ರಲ್ಲಿ ಮಿಡ್‌ಟುಲಾಂಡ್ ಅನ್ನೋ ಕ್ಲಬ್ಬು ದೇಶದ ಮೊದಲ ಫುಟ್‌ಬಾಲ್ ಅಕಾಡೆಮಿ ಶುರು ಮಾಡಿತು. ಕೇರ್‌ನ ಅಪ್ಪ ಆ ಕ್ಲಬ್ಬಿನಲ್ಲಿ ಕಿಟ್ ನೋಡಿಕೊಳ್ಳುವ ಕೆಲಸದಲ್ಲಿದ್ದರು, ಅಂದ್ರೆ ಜರ್ಸಿ, ಬೂಟು, ಚೆಂಡು ಇವುಗಳ ಉಸ್ತುವಾರಿ. ಅಕಾಡೆಮಿಯಲ್ಲಿ ಒಂದು ಸೀಟು ಉಳಿದಿತ್ತು. ಸರಿ, ನಮ್ಮವರ ಮಗ ಇದ್ದಾನಲ್ಲ, ಇರಲಿ ಬಿಡಿ ಅಂತ ಹದಿನೈದರ ಹುಡುಗನನ್ನು ಸೇರಿಸಿಕೊಂಡರು. ನಮ್ಮ ಕಡೆ ಇದಕ್ಕೆ ಏನಂತಾರೆ ಅಂತ ನಾನು ಹೇಳಬೇಕಾಗಿಲ್ಲ.

ಮುಂದಿನದು ಆಗ ಅಲ್ಲೇ ಕೋಚ್ ಆಗಿದ್ದ ರಾಸ್ಮುಸ್ ಆಂಕರ್ಸನ್ ಹೇಳಿರುವ ಕತೆ. ಆರು ತಿಂಗಳ ನಂತರ ಎಂಟು ಜನ ಕೋಚ್‌ಗಳಿಗೆ ಒಂದೊಂದು ಚೀಟಿ ಕೊಟ್ಟು, ಈ 16 ಹುಡುಗರಲ್ಲಿ ಎಲ್ಲರಿಗಿಂತ ಮುಂದೆ ಹೋಗುವ ಐವರ ಹೆಸರು ಬರೀರಿ ಅಂದರು. ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿಟ್ಟರು. ಕೆಲವು ವರ್ಷ ಬಿಟ್ಟು, ಕೇರ್ ದೊಡ್ಡ ಕ್ಲಬ್ಬುಗಳ ಬಾಯಲ್ಲಿ ಓಡಾಡುತ್ತಿದ್ದಾಗ ತೆಗೆದು ನೋಡಿದರೆ, ಎಂಟು ಚೀಟಿಯಲ್ಲಿ ಒಂದರಲ್ಲೂ ಅವನ ಹೆಸರಿಲ್ಲ. ಎಂಟು ಜನರೂ ದಿನಾ ನೋಡ್ತಿದ್ದವರು, ಕಣ್ಣಿದ್ದವರು. ಆಂಕರ್ಸನ್ ತನ್ನದೇ ಸೋಲನ್ನು ಮುಚ್ಚಿಡದೆ ಆಮೇಲೆ ಪುಸ್ತಕದಲ್ಲೂ ಬರೆದ, ಅದು ಮೆಚ್ಚಬೇಕಾದ್ದು. ನಮ್ಮ ಆಫೀಸುಗಳ ಅಪ್ರೈಸಲ್ ಲಕೋಟೆಗಳನ್ನು ಐದು ವರ್ಷ ಬಿಟ್ಟು ಹೀಗೆ ತೆಗೆದು ಓದುವವರು ಯಾರಿದ್ದಾರೆ?

ವೋಟು ಯಾಕೆ ಬೀಳಲಿಲ್ಲ ಅನ್ನೋದಕ್ಕೆ ಒಂದು ಕಾರಣ ಅವನು ಆಡುತ್ತಿದ್ದ ಜಾಗವೂ ಇರಬಹುದು. ಕಬಡ್ಡಿಯಲ್ಲಿ ರೇಡರ್‌ಗೆ ಬೀಳುವ ಶಿಳ್ಳೆ ಕಾರ್ನರ್‌ನಲ್ಲಿ ನಿಂತವನಿಗೆ ಬೀಳಲ್ಲ. ಫುಟ್‌ಬಾಲ್‌ನ ಸೆಂಟರ್ ಬ್ಯಾಕ್‌ದೂ ಅದೇ ಹಣೆಬರಹ. ಸ್ಟ್ರೈಕರ್ ಹತ್ತು ಸಲ ತಪ್ಪಿಸಿ ಒಂದು ಸಲ ಹೊಡೆದರೆ ಹೀರೋ. ಡಿಫೆಂಡರ್ ಹತ್ತು ಸಲ ತಡೆದು ಒಂದು ಸಲ ತಪ್ಪಿದರೆ ಮರುದಿನ ಪೇಪರಿನಲ್ಲಿ ಅವನದೇ ಫೋಟೋ. ಅವನ ಒಳ್ಳೆಯ ಕೆಲಸ ಯಾವಾಗಲೂ ನಡೆಯದೇ ಹೋದ ಘಟನೆಗಳ ರೂಪದಲ್ಲಿರುತ್ತದೆ. ಪಾಸ್ ಬರೋಕೆ ಮುಂಚೆ ಎರಡು ಗಜ ಎಡಕ್ಕೆ ಸರಿದು ನಿಂತರೆ ಆ ಪಾಸೇ ಬರಲ್ಲ. ಬರದೇ ಇರೋ ಪಾಸನ್ನು ಯಾವ ಹೈಲೈಟ್ಸ್‌ನಲ್ಲಿ ತೋರಿಸ್ತಾರೆ? ಕೇರ್ ತುಂಬ ವೇಗದ ಓಟಗಾರ ಏನಲ್ಲ. ಎಲ್ಲಿ ನಿಲ್ಲಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದೇ ಅವನ ವಿದ್ಯೆ.

2008ರಲ್ಲಿ, ಡೆನ್ಮಾರ್ಕಿನ ಲೀಗ್‌ನಲ್ಲಿ ಒಂದು ಸೀಸನ್ನೂ ಸರಿಯಾಗಿ ಆಡದವನನ್ನು ಇಟಲಿಯ ಪಲೆರ್ಮೊ ಸುಮಾರು 40 ಲಕ್ಷ ಯೂರೋ ಕೊಟ್ಟು ಕರೆಸಿಕೊಂಡಿತು. ಹತ್ತೊಂಬತ್ತು ವಯಸ್ಸು, ಭಾಷೆ ಗೊತ್ತಿಲ್ಲ, ಸಿಸಿಲಿಯ ಬಿಸಿಲು. ಎರಡು ವರ್ಷ ಚೆನ್ನಾಗಿ ಆಡಿದ. ಕವಾನಿ, ಪಸ್ತೋರೆ ಇದ್ದ ಆ ತಂಡ 2009–10ರಲ್ಲಿ ಇಟಲಿಯಲ್ಲಿ ಐದನೇ ಸ್ಥಾನ ಪಡೆಯಿತು. ಅದೇ ಹೊತ್ತಿಗೆ ರಾಷ್ಟ್ರೀಯ ತಂಡಕ್ಕೂ ಬಂದು 2010ರ ವಿಶ್ವಕಪ್ ಆಡಿದ. ಜರ್ಮನಿಯ ವುಲ್ಫ್ಸ್‌ಬರ್ಗ್ ಸುಮಾರು 1.2 ಕೋಟಿ ಯೂರೋಗೆ ಕೊಂಡುಕೊಂಡಿತು. ಇಲ್ಲಿವರೆಗೆ ಗ್ರಾಫ್ ಮೇಲಕ್ಕೇ.

ಅಲ್ಲಿಂದ ಕೆಳಕ್ಕೆ. ವುಲ್ಫ್ಸ್‌ಬರ್ಗ್ ಆ ವರ್ಷ ಕೆಳಗಿನ ಡಿವಿಷನ್ನಿಗೆ ಬೀಳೋದರಿಂದ ಸ್ವಲ್ಪದರಲ್ಲಿ ಪಾರಾಯಿತು. ಮುಂದಿನ ವರ್ಷ ಕೇರ್‌ನನ್ನು ರೋಮಾಗೆ ಸಾಲದ ಮೇಲೆ ಕಳಿಸಿದರು. 2011ರ ಅಕ್ಟೋಬರ್‌ನಲ್ಲಿ ರೋಮಾ–ಲಾಜಿಯೊ ಡರ್ಬಿ. ಆ ಊರಲ್ಲಿ ಬೇರೆ ಯಾವ ಪಂದ್ಯ ಸೋತರೂ ಕ್ಷಮಿಸ್ತಾರೆ, ಇದನ್ನು ಕ್ಷಮಿಸಲ್ಲ. ರೋಮಾ ಒಂದು ಗೋಲಿನಿಂದ ಮುಂದಿತ್ತು. ಕೇರ್ ಪೆನಾಲ್ಟಿ ಬಾಕ್ಸ್ ಒಳಗೆ ಎದುರಾಳಿಯನ್ನು ಎಳೆದು ರೆಡ್ ಕಾರ್ಡ್ ತಿಂದ. ಪೆನಾಲ್ಟಿ ಗೋಲಾಯಿತು, ಕೊನೆಯ ಕ್ಷಣದಲ್ಲಿ ಕ್ಲೋಸೆ ಇನ್ನೊಂದು ಹೊಡೆದ. 2–1. ರೋಮಾ ಅವನನ್ನು ಉಳಿಸಿಕೊಳ್ಳಲಿಲ್ಲ.

ಇಪ್ಪತ್ತಮೂರಕ್ಕೆ 'ಅಯ್ಯೋ, ಅಷ್ಟೇ ಅವನು' ಅನ್ನಿಸಿಕೊಂಡವನು ಮತ್ತೆ ಕಟ್ಟಿಕೊಂಡಿದ್ದು ಫ್ರಾನ್ಸಿನ ಲಿಲ್‌ನಲ್ಲಿ, 2013ರಿಂದ. ಆ ವರ್ಷ ಲಿಲ್ ಗೋಲ್‌ಕೀಪರ್ ವಿನ್ಸೆಂಟ್ ಎನ್ಯೇಮಾ 1,062 ನಿಮಿಷ ಒಂದೂ ಗೋಲು ಬಿಟ್ಟುಕೊಡದೆ ಸುದ್ದಿಯಾದ. ನ್ಯಾಯವಾದದ್ದೇ. ಆದರೆ ಆ 1,062 ನಿಮಿಷಗಳಲ್ಲಿ ಕೀಪರ್ ತನಕ ಬರದೇ ಹೋದ ಚೆಂಡುಗಳೆಷ್ಟು? ದಾಖಲೆ ಪಟ್ಟಿಯಲ್ಲಿ ಅವನ ಮುಂದೆ ನಿಂತಿದ್ದವರ ಹೆಸರಿಲ್ಲ. ಕೇರ್ ಅವರಲ್ಲೊಬ್ಬ. ಆಮೇಲೆ ಟರ್ಕಿಯ ಫೆನೆರ್‌ಬಾಚೆ, ಸ್ಪೇನಿನ ಸೆವಿಯಾ, ಆರು ತಿಂಗಳು ಇಟಲಿಯ ಅಟಲಾಂಟಾ. 2016ರಿಂದ ಡೆನ್ಮಾರ್ಕ್ ಕ್ಯಾಪ್ಟನ್. ಟ್ರಾನ್ಸ್‌ಫರ್ ಪಟ್ಟಿ ನೋಡಿದರೆ, ಎರಡು ವರ್ಷಕ್ಕೊಂದು ಕಂಪನಿ ಬದಲಿಸಿದ ಸಾಫ್ಟ್‌ವೇರ್‌ನವರ ರೆಸ್ಯೂಮೆ ಥರಾನೇ ಇದೆ.

2020ರ ಜನವರಿಯಲ್ಲಿ ಎಸಿ ಮಿಲಾನ್ ಅವನನ್ನು ಸಾಲದ ಮೇಲೆ ತಂದಾಗ ಅಭಿಮಾನಿಗಳು ಪಟಾಕಿ ಹೊಡೆಯಲಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ಮಿಲಾನ್ ಅದೇ ಅಟಲಾಂಟಾ ಕೈಲಿ 5–0 ಸೋತಿತ್ತು. ಅವರ ಬೆಂಚಿನಲ್ಲಿ ಕೂರ್ತಿದ್ದವನನ್ನು ನಾವು ಯಾಕೆ ತಂದ್ವಿ ಅನ್ನೋ ಪ್ರಶ್ನೆ ಸಹಜ. ಒಂದೇ ವರ್ಷದಲ್ಲಿ ಪ್ರಶ್ನೆ ಕೇಳುವವರು ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದಲ್ಲಿ, ಹೆಚ್ಚುವರಿ ಸಮಯದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು 1–1 ಮಾಡಿದ್ದು ಇವನೇ. ಆ ಸೀಸನ್ ಮಿಲಾನ್‌ಗೆ ಎರಡನೇ ಸ್ಥಾನ. ಅದು ಮುಗಿದ ಮೂರು ವಾರಕ್ಕೆ ಕೋಪನ್‌ಹೇಗನ್‌ನ ಆ ಸಂಜೆ.

ಆ ಸಂಜೆಯ ಎರಡನೇ ಅರ್ಧದ ಬಗ್ಗೆ ಕಡಿಮೆ ಜನ ಮಾತಾಡ್ತಾರೆ. ಎರಿಕ್ಸನ್‌ಗೆ ಪ್ರಜ್ಞೆ ಬಂದಿದೆ ಅಂತ ಗೊತ್ತಾದ ಮೇಲೆ, ಗ್ಯಾಲರಿಯಲ್ಲಿ ಫಿನ್ಲೆಂಡ್‌ನವರು 'ಕ್ರಿಶ್ಚಿಯನ್' ಅಂತ ಕೂಗಿದರೆ ಡೆನ್ಮಾರ್ಕಿನವರು 'ಎರಿಕ್ಸನ್' ಅಂತ ಉತ್ತರ ಕೊಡ್ತಿದ್ದರು. ಪಂದ್ಯ ಮುಂದುವರಿಸಿದರು. ಡೆನ್ಮಾರ್ಕ್ 0–1 ಸೋತಿತು. ಕೇರ್ 63ನೇ ನಿಮಿಷದಲ್ಲಿ ಹೊರಗೆ ಬಂದ. ಗಾಯ ಏನೂ ಆಗಿರಲಿಲ್ಲ. ಗೆಳೆಯನನ್ನು ಆ ಸ್ಥಿತಿಯಲ್ಲಿ ನೋಡಿದವನಿಗೆ ಆಡೋಕೆ ಆಗಲಿಲ್ಲ, ಅಷ್ಟೇ. ಕೋಚ್ ಕಾಸ್ಪರ್ ಯೂಲ್ಮಾಂಡ್ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ನನಗೆ ಮೊದಲರ್ಧದ ಓಟದಷ್ಟೇ ಮುಖ್ಯ ಅನ್ನಿಸಿದ್ದು ಈ ಹೊರಗೆ ಬಂದಿದ್ದು. ಮಾಡಬೇಕಾದ್ದನ್ನು ಮಾಡಿ ಮುಗಿಸಿದ ಮೇಲೆ 'ನನ್ನ ಕೈಲಿ ಆಗ್ತಿಲ್ಲ' ಅನ್ನುವ ಕ್ಯಾಪ್ಟನ್‌ಗಳು ಜಾಸ್ತಿ ಇಲ್ಲ.

ಆ ಟೂರ್ನಿಯಲ್ಲಿ ಡೆನ್ಮಾರ್ಕ್ ಸೆಮಿಫೈನಲ್ ತನಕ ಹೋಯಿತು. ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ 1–0 ಮುಂದಿದ್ದಾಗ ಸಾಕಾ ಹೊಡೆದ ಕ್ರಾಸ್ ಗೋಲಿನ ಮುಂದೆ ಬಂತು, ಹಿಂದೆಯೇ ಸ್ಟರ್ಲಿಂಗ್ ಕಾದಿದ್ದ. ಕೇರ್ ಕಾಲು ಚಾಚಿದ. ಚೆಂಡು ಅವನಿಗೇ ತಗುಲಿ ಸ್ವಂತ ಗೋಲಿಗೆ ಹೋಯಿತು. ಚಾಚದಿದ್ದರೆ ಸ್ಟರ್ಲಿಂಗ್ ಹೊಡೀತಿದ್ದ. ಸ್ಕೋರ್‌ಬೋರ್ಡ್‌ನಲ್ಲಿ ಮಾತ್ರ ಬಂದಿದ್ದು ಇವನ ಹೆಸರು. ಹೆಚ್ಚುವರಿ ಸಮಯದಲ್ಲಿ 2–1 ಸೋತರು. ಆಗಸ್ಟ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ತನ್ನ ಅಧ್ಯಕ್ಷರ ಪ್ರಶಸ್ತಿಯನ್ನು ಕೇರ್‌ಗೂ ಎರಿಕ್ಸನ್‌ನನ್ನು ಉಳಿಸಿದ ವೈದ್ಯರ ತಂಡಕ್ಕೂ ಸೇರಿಸಿ ಕೊಟ್ಟಿತು. ವರ್ಷದ ಕೊನೆಗೆ ಬ್ಯಾಲನ್ ಡಿ'ಓರ್ ಪಟ್ಟಿಯಲ್ಲಿ 18ನೇ ಸ್ಥಾನ.

ಇದನ್ನೆಲ್ಲ ನಮ್ಮ ಕಡೆಯವರು ಓದುವಾಗ ಬೆಂಗಳೂರಿನ ಎರಡು ದಿನಗಳನ್ನೂ ಪಕ್ಕದಲ್ಲಿಟ್ಟು ಓದಬೇಕು. 2004ರ ಡಿಸೆಂಬರ್ 5ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುತ್ತಲೇ ಮೋಹನ್ ಬಾಗಾನ್ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ. ಮತ್ತೆ ಏಳಲಿಲ್ಲ. 25 ವರ್ಷ. ಮೈದಾನದಲ್ಲಿದ್ದ ವೈದ್ಯಕೀಯ ವ್ಯವಸ್ಥೆ ಸಾಲದು ಅಂತ ದೇಶವಿಡೀ ಟೀಕೆ ಬಂತು.

ಟೀಕೆ ಬಂದು ಏಳು ವರ್ಷ ಆದ ಮೇಲೆ, 2012ರ ಮಾರ್ಚ್ 21. ಅದೇ ಬೆಂಗಳೂರು. ಎ ಡಿವಿಷನ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದು ಬಿದ್ದರು. 27 ವರ್ಷ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ, ಜೊತೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಉಳಿಯಲಿಲ್ಲ. ನಾಲ್ಕೇ ದಿನ ಮುಂಚೆ ಲಂಡನ್‌ನಲ್ಲಿ ಫ್ಯಾಬ್ರಿಸ್ ಮುವಾಂಬಾ ಅನ್ನೋ ಆಟಗಾರ ಹೀಗೇ ಬಿದ್ದಿದ್ದ. ಮೈದಾನದಲ್ಲೇ ಎದೆ ಒತ್ತಿ ಶಾಕ್ ಕೊಟ್ಟರು, ಬದುಕಿದ. ವೆಂಕಟೇಶ್ ಅವರ ತಂಡದಲ್ಲೂ ಕೇರ್‌ನಷ್ಟೇ ವೇಗವಾಗಿ ಓಡಿ ಬಂದವರು ಇದ್ದೇ ಇರ್ತಾರೆ. ಅವರ ಹಿಂದೆ ಬರಬೇಕಾದ ಡಾಕ್ಟರ್, ಯಂತ್ರ ಇರಲಿಲ್ಲ.

ಎರಿಕ್ಸನ್ ಬಿದ್ದ ವರ್ಷವೇ ಅಕ್ಟೋಬರ್ 29ರಂದು ನಾವು ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡೆವು. ಈಗ ರಾಜ್ಯ ಸರ್ಕಾರದ ಹೃದಯಜ್ಯೋತಿ ಯೋಜನೆ ಅವರ ಹೆಸರಲ್ಲಿದೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ. 2025ರ ಜೂನ್‌ನಲ್ಲಿ ಹಾಸನದ ಹೆಸರು ಎಲ್ಲ ಚಾನೆಲ್‌ಗಳಲ್ಲಿ ಬಂದಿದ್ದು ನೆನಪಿರಬಹುದು. ನಲವತ್ತು ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಅನ್ನುವ ಸುದ್ದಿ. ಜಿಲ್ಲೆಯವರು ಜಯದೇವ ಆಸ್ಪತ್ರೆಗಳ ಮುಂದೆ ಬೆಳಿಗ್ಗೆಯೇ ಸಾಲು ನಿಂತರು. ಬೆಂಗಳೂರಲ್ಲಿದ್ದ ನನಗೂ ಅಮ್ಮನ ಫೋನ್, "ನೀನೂ ಒಂದ್ಸಲ ಎದೆ ಚೆಕ್ ಮಾಡಿಸ್ಕೊಳಪ್ಪ." ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಸಾವುಗಳು ದಿಢೀರನೆ ಏರಿಲ್ಲ ಅಂತ ವರದಿ ಕೊಟ್ಟಿತು. ಭಯ ಕಡಿಮೆ ಆಯಿತು, ದೂರ ಕಡಿಮೆ ಆಗಲಿಲ್ಲ.

ದೂರ ಅಂದ್ರೆ, ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹೆತ್ತೂರು, ಹಾನಬಾಳು ಕಡೆಯ ತೋಟದ ಮನೆಗಳಿಂದ ಸಕಲೇಶಪುರಕ್ಕೆ ಬರೋದೇ ಒಂದು ಪ್ರಯಾಣ. ಮಳೆಗಾಲದಲ್ಲಿ ಮರ ಬಿದ್ದಿರುತ್ತೆ. ರಾತ್ರಿ ಆನೆ ರಸ್ತೆಗೆ ಬಂದಿದ್ದರೆ ಆಂಬುಲೆನ್ಸೂ ಕಾಯಬೇಕು. ಹೃದಯಾಘಾತ ಅಂದ್ರೆ ರಕ್ತದ ಪೈಪು ಕಟ್ಟಿಕೊಳ್ಳೋದು. ಅಲ್ಲಿ ಆಸ್ಪತ್ರೆ ತಲುಪೋಕೆ ಸ್ವಲ್ಪವಾದರೂ ಸಮಯ ಇರುತ್ತೆ. ಎರಿಕ್ಸನ್‌ಗೆ ಆಗಿದ್ದು ಹೃದಯ ಸ್ತಂಭನ, ಕರೆಂಟೇ ಕೈಕೊಟ್ಟ ಹಾಗೆ. ಅಲ್ಲಿ ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಬಿದ್ದವರು ಮಾತಾಡಿಸಿದರೆ ಓ ಅನ್ನದೆ, ಸರಿಯಾಗಿ ಉಸಿರೂ ಆಡದಿದ್ದರೆ, ಒಬ್ಬರು 108ಕ್ಕೆ ಫೋನ್ ಮಾಡುವಾಗ ಇನ್ನೊಬ್ಬರು ಎದೆಯ ನಡುವೆ ಎರಡೂ ಕೈ ಇಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರಜ್ಞೆ ಇಲ್ಲ, ಆದರೆ ಉಸಿರಾಟ ಸರಿಯಾಗಿದೆ ಅಂದ್ರೆ ಕೇರ್ ಮಾಡಿದ ಹಾಗೆ ಮಗ್ಗುಲಿಗೆ ತಿರುಗಿಸಿ, ಉಸಿರು ನೋಡ್ತಾ ಕೂರಬೇಕು. ನೀರು ಕುಡಿಸಬಾರದು. ನಮ್ಮಲ್ಲಿ ಮೊದಲು ಮಾಡೋದೇ ಅದು. ಕಲಿಯೋಕೆ ಅರ್ಧ ದಿನ ಸಾಕು. ಆಫೀಸಿನ ಫೈರ್ ಡ್ರಿಲ್ ದಿನ ಕ್ಯಾಂಟೀನ್‌ಗೆ ಜಾರಿಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಜುಲೈನಲ್ಲಿ ಹೋಗಿ ಕಲಿತೆ. ಊರಿಗೆ ಹೋದಾಗ ಅಪ್ಪನಿಗೂ ದಿಂಬಿನ ಮೇಲೆ ಮಾಡಿ ತೋರಿಸಿದೆ. ಅವರು ಎರಡು ನಿಮಿಷಕ್ಕೆ ಸುಸ್ತಾಗಿ, "ಇದು ಇಬ್ರು ಮಾಡೋ ಕೆಲಸ ಕಣಪ್ಪ" ಅಂದರು. ನಿಜ, ಕಲಿಸುವವರೂ ಅದನ್ನೇ ಹೇಳಿದ್ದರು, ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ ಅಂತ.

ಕೇರ್ ಕತೆ ಇನ್ನೂ ಸ್ವಲ್ಪ ಇದೆ. 2021ರ ಡಿಸೆಂಬರ್ 1ರಂದು ಜೆನೋವಾ ವಿರುದ್ಧದ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆ ಸೀಸನ್ ಮಿಲಾನ್ ಹನ್ನೊಂದು ವರ್ಷದ ನಂತರ ಇಟಲಿ ಚಾಂಪಿಯನ್ ಆದಾಗ ಇವನು ಕೊನೆಯ ಐದಾರು ತಿಂಗಳನ್ನು ಹೊರಗೆ ಕೂತು ನೋಡಿದವನು. ವಾಪಸ್ ಬಂದು ಎರಡು ಸೀಸನ್ ಆಡಿದ, ಮೊದಲಿನಷ್ಟು ಅಲ್ಲ. 2024ರಲ್ಲಿ ಮಿಲಾನ್ ಬಿಟ್ಟ. 2025ರ ಜನವರಿಯಲ್ಲಿ ನಿವೃತ್ತಿ ಹೇಳಿದ.

ಎರಿಕ್ಸನ್‌ಗೆ ಎದೆಯಲ್ಲಿ ಐಸಿಡಿ ಅನ್ನೋ ಪುಟ್ಟ ಯಂತ್ರ ಕೂರಿಸಿದರು. ಹೃದಯದ ಬಡಿತ ತಪ್ಪಿದರೆ ತಾನೇ ಶಾಕ್ ಕೊಡುತ್ತದೆ. ಅದನ್ನು ಹಾಕಿಕೊಂಡು ಆಡೋಕೆ ಇಟಲಿಯ ನಿಯಮ ಬಿಡಲ್ಲ, ಹಾಗಾಗಿ ಇಂಟರ್ ಮಿಲಾನ್ ಬಿಟ್ಟು ಇಂಗ್ಲೆಂಡಿಗೆ ಹೋಗಿ ಆಡಿದ. 2024ರ ಜೂನ್ 16ರಂದು, ಮತ್ತೆ ಯೂರೋ ಕಪ್, ಸ್ಲೊವೇನಿಯಾ ವಿರುದ್ಧ ಗೋಲು ಹೊಡೆದ. ಬಿದ್ದ ದಿನದಿಂದ ಲೆಕ್ಕ ಹಾಕಿದರೆ 1,100 ದಿನ. ಆ ತಂಡದಲ್ಲಿ ಕೇರ್ ಕೂಡ ಇದ್ದ.

ಡೆನ್ಮಾರ್ಕ್ ಪರ ಅತಿ ಹೆಚ್ಚು ಪಂದ್ಯಗಳ ದಾಖಲೆ ಬಹಳ ವರ್ಷ ಪೀಟರ್ ಷ್ಮೈಕೆಲ್ ಹೆಸರಲ್ಲಿತ್ತು, 129. ಆವತ್ತು ಸಬ್ರಿನಾ ಪಕ್ಕ ನಿಂತಿದ್ದ ಕ್ಯಾಸ್ಪರ್‌ನ ಅಪ್ಪ. ಕೇರ್ ಅದನ್ನು ದಾಟಿ 132ಕ್ಕೆ ನಿಂತ. ಆ 132 ಅನ್ನು ಆಮೇಲೆ ದಾಟಿದವನು ಎರಿಕ್ಸನ್.